ಒಂದು ಹಗಲಿನ ಅತಿಥಿ

‘ದೇಶ ಸುತ್ತಬೇಕು, ಕೋಶ ಓದಬೇಕು’ ಎಂಬ ಮಾತನ್ನು ನಮ್ಮಲ್ಲಿ ಎಷ್ಟೋ ಶಾಲೆಗಳ ಗೋಡೆಯ ಮೇಲೆ ಬರೆಸಿದ್ದಾರೆ. ಆದರೆ ಒಂದು ಊರನ್ನು ಸುತ್ತಿ ಬಂದೆನೆಂದು ಹೇಳಿಕೊಳ್ಳಲು ಅಲ್ಲಿ ಎಷ್ಟು ಹೊತ್ತು ಇದ್ದಿರಬೇಕು ಎಂಬುದನ್ನು ಆ ಗಾದೆ ಹೇಳುವುದಿಲ್ಲ. ಒಂದು ವರುಷವೇ, ಒಂದು ವಾರವೇ, ಇಲ್ಲವೆ ಬೆಳಗಿನಿಂದ ಸಂಜೆಯವರೆಗಿನ ಒಂದು ಹಗಲು ಸಾಕೆ? ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಪ್ರೌಢಶಾಲೆಗಳಲ್ಲಿ ಮೂರು ದಶಕಗಳ ಕಾಲ ಸಮಾಜ ವಿಜ್ಞಾನ ಬೋಧಿಸಿದ ನನಗೆ ಈ ಪ್ರಶ್ನೆ ನಿವೃತ್ತಿಯ ಅನಂತರವೂ ಬಿಟ್ಟುಹೋಗಿಲ್ಲ. ಸಹೃದಯ ಓದುಗರೊಡನೆ ಅದನ್ನು ಹಂಚಿಕೊಳ್ಳಬೇಕೆನಿಸಿತು.

ಈ ಪ್ರಶ್ನೆಯನ್ನು ಅತ್ಯಂತ ಸ್ಪಷ್ಟವಾಗಿ ಎತ್ತುವವರು ಪ್ರವಾಸಿ ಹಡಗುಗಳಲ್ಲಿ ಬರುವ ಯಾತ್ರಿಕರು. ನಮ್ಮ ರಾಜ್ಯದಲ್ಲಿ ಅಂಥವರನ್ನು ಕಾಣಬೇಕಾದರೆ ಮಂಗಳೂರಿಗೆ ಹೋಗಬೇಕು. ಮಳೆಗಾಲ ಕಳೆದು ಕಡಲು ಶಾಂತವಾದ ಮೇಲೆ ಪಣಂಬೂರಿನ ನವಮಂಗಳೂರು ಬಂದರಿಗೆ ವಿದೇಶೀ ಪ್ರವಾಸಿ ಹಡಗುಗಳು ಬರತೊಡಗುತ್ತವೆ. ಕೋವಿಡ್ ಕಾರಣದಿಂದ ನಿಂತಿದ್ದ ಈ ಸಂಚಾರ 2022ರ ನವೆಂಬರಿನಲ್ಲಿ ಮತ್ತೆ ಆರಂಭವಾಯಿತು. ಹಡಗು ಬೆಳಿಗ್ಗೆ ದಡಕ್ಕೆ ಹತ್ತುತ್ತದೆ. ಚೆಂಡೆಯ ಸದ್ದು, ಯಕ್ಷಗಾನದ ವೇಷ, ಸ್ವಾಗತ. ಬಸ್ಸುಗಳು ಸಿದ್ಧವಾಗಿರುತ್ತವೆ. ಕದ್ರಿ, ಕುದ್ರೋಳಿ, ಸಂತ ಅಲೋಶಿಯಸ್ ಚಾಪೆಲ್, ಒಂದು ಗೋಡಂಬಿ ಕಾರ್ಖಾನೆ, ಮಾರುಕಟ್ಟೆ. ಹೊತ್ತಿದ್ದವರಿಗೆ ಮೂಡುಬಿದಿರೆ, ಕಾರ್ಕಳ. ಸಂಜೆಗೆ ಎಲ್ಲರೂ ಹಡಗಿಗೆ ಹಿಂದಿರುಗುತ್ತಾರೆ. ಮರುದಿನ ಇನ್ನೊಂದು ಬಂದರು, ಇನ್ನೊಂದು ಸ್ವಾಗತ.

ಇಂಥವರು ನೋಡುವ ವಸ್ತುಗಳ ವಯಸ್ಸನ್ನೂ ಅವರು ನೋಡುವ ಹೊತ್ತನ್ನೂ ಪಕ್ಕಪಕ್ಕದಲ್ಲಿ ಇಟ್ಟರೆ ಯಾರಿಗಾದರೂ ಸೋಜಿಗವಾದೀತು. ಕದ್ರಿಯ ಲೋಕೇಶ್ವರನ ಕಂಚಿನ ವಿಗ್ರಹ ಆಳುಪ ಅರಸು ಕುಂದವರ್ಮನ ಕಾಲದ್ದು, ಕ್ರಿ.ಶ. 968ರದು. ಮೂಡುಬಿದಿರೆಯ ಸಾವಿರ ಕಂಬದ ಬಸದಿ 1430ರದು. ಚಾಪೆಲಿನ ಗೋಡೆ ಛಾವಣಿಗಳ ಮೇಲೆ ಚಿತ್ರ ಬರೆಯಲು ಇಟಲಿಯಿಂದ ಬಂದ ಆಂತೋನಿಯೊ ಮೊಸ್ಕೇನಿ 1899ರಲ್ಲಿ ಕೆಲಸಕ್ಕೆ ತೊಡಗಿ ವರುಷಗಟ್ಟಲೆ ದುಡಿದನು. ಪ್ರವಾಸಿಗೆ ಅಲ್ಲಿ ದೊರೆಯುವುದು ಅರ್ಧ ಗಂಟೆ. ಮೂಡುಬಿದಿರೆಯ ಇನ್ನೊಂದು ಬಸದಿಯಲ್ಲಿ ಧವಲಾ, ಜಯಧವಲಾ ಗ್ರಂಥಗಳ ತಾಳೆಗರಿಗಳು ಶತಮಾನಗಳ ಕಾಲ ಉಳಿದು ಬಂದವು. ಆ ಜಯಧವಲಾ ಟೀಕೆ ಪೂರ್ಣಗೊಂಡದ್ದು ನೃಪತುಂಗ ಅಮೋಘವರ್ಷನ ಆಳ್ವಿಕೆಯಲ್ಲಿ. ಆತನ ರಾಜಧಾನಿ ನಮ್ಮದೇ ಜಿಲ್ಲೆಯ ಮಳಖೇಡ. ಇದು ಬಸ್ಸಿನಲ್ಲಿ ಕುಳಿತವರಿಗೆ ತಿಳಿಯುವ ಸಂಗತಿಯಲ್ಲ. ನಮ್ಮವರಲ್ಲಿಯೂ ಎಷ್ಟು ಮಂದಿಗೆ ತಿಳಿದೀತು ಎಂಬುದು ಬೇರೆ ಮಾತು.

ಗೋಡಂಬಿ ಕಾರ್ಖಾನೆಯ ಸಂಗತಿ ಇನ್ನೂ ಸ್ವಾರಸ್ಯಕರ. ಸಿಪ್ಪೆಯ ಎಣ್ಣೆ ಕೈ ಚರ್ಮವನ್ನು ಸುಡುವಂಥದು. ಆ ಸಿಪ್ಪೆಯನ್ನು ಒಡೆದು ತಿರುಳನ್ನು ಮುರಿಯದಂತೆ ಬಿಡಿಸುವ ಕೆಲಸದಲ್ಲಿ ಮಹಿಳೆಯರು ನಿಪುಣರು. ಅತಿಥಿಗಳು ಅದನ್ನು ಸ್ಥಳೀಯ ಬೆಳೆಯ ಸ್ಥಳೀಯ ಉದ್ಯೋಗವೆಂದು ಮೆಚ್ಚುತ್ತಾರೆ. ವಾಸ್ತವದಲ್ಲಿ ಮಂಗಳೂರಿನ ಕಾರ್ಖಾನೆಗಳಿಗೆ ನಮ್ಮ ನೆಲದ ಬೀಜ ಸಾಲದು. ಐವರಿ ಕೋಸ್ಟ್, ಘಾನಾ, ಬೆನಿನ್ ಮುಂತಾದ ಪಶ್ಚಿಮ ಆಫ್ರಿಕಾದ ನಾಡುಗಳಿಂದ ಹಸಿ ಗೋಡಂಬಿ ಬರುತ್ತದೆ. ಗೋಡಂಬಿಯ ಗಿಡವಾದರೂ ಬ್ರೆಜಿಲಿನದು, ಪೋರ್ಚುಗೀಸರು ತಂದದ್ದು. ಹೀಗೆ ಆ ಅತಿಥಿಯ ಕಣ್ಣ ಮುಂದೆ ಮೂರು ಖಂಡಗಳ ಕಥೆ ಬಿಚ್ಚಿಕೊಂಡಿರುತ್ತದೆ. ‘ಅಮ್ಮಾ, ಈ ಬೀಜ ಎಲ್ಲಿಯದು?’ ಎಂಬ ಒಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು.

ನನ್ನ ವಾದದ ಬೀಜವೂ ಈ ಪ್ರಶ್ನೆಯಲ್ಲಿಯೇ ಇದೆ. ಒಂದು ಹಗಲಿನ ಅತಿಥಿಯನ್ನು ಹಗುರವಾಗಿ ಕಾಣುವುದು ವಿದ್ಯಾವಂತರಲ್ಲಿ ಒಂದು ರೂಢಿಯಾಗಿದೆ. ಹಡಗಿನಿಂದ ಇಳಿದು ಫೋಟೋ ತೆಗೆದುಕೊಂಡು ಹತ್ತಿಹೋದವನು ಏನು ಕಂಡಾನು ಎನ್ನುತ್ತಾರೆ. ಬಾಸೆಲ್ ಮಿಷನ್ನಿನ ಹರ್ಮನ್ ಮೊಗ್ಲಿಂಗ್ ಇಲ್ಲಿಯೇ ನಿಂತು 1843ರಲ್ಲಿ ‘ಮಂಗಳೂರ ಸಮಾಚಾರ’ವೆಂಬ ಕನ್ನಡದ ಮೊದಲ ಪತ್ರಿಕೆಯನ್ನು ಹೊರಡಿಸಿದನು. ಅದೇ ಮಿಷನ್ನಿನ ಫರ್ಡಿನಾಂಡ್ ಕಿಟ್ಟೆಲ್ ದಶಕಗಳ ಕಾಲ ದುಡಿದು 1894ರಲ್ಲಿ ತನ್ನ ಮಹಾಕೋಶವನ್ನು ಕೊಟ್ಟನು. ಅಂಥವರ ಮುಂದೆ ಈ ಪ್ರವಾಸಿ ಯಾವ ಲೆಕ್ಕ ಎಂಬ ಹೋಲಿಕೆ ಸಹಜವೇ. ಆದರೂ ಹೊತ್ತಿನ ಅಳತೆಯೊಂದರಿಂದಲೇ ಅತಿಥಿಯ ಯೋಗ್ಯತೆಯನ್ನು ನಿರ್ಣಯಿಸುವುದನ್ನು ನಾನು ಒಪ್ಪಲಾರೆ. ಇದಕ್ಕೆ ಇತಿಹಾಸದ ಒಂದು ಬಲವಾದ ಸಾಕ್ಷಿ ಇದೆ.

1623ರಲ್ಲಿ ರೋಮ್ ನಗರದ ಪಿಯೆತ್ರೊ ದೆಲ್ಲಾ ವಾಲ್ಲೆ ಎಂಬ ಪ್ರವಾಸಿಯು ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯೊಡನೆ ಇಕ್ಕೇರಿಯ ವೆಂಕಟಪ್ಪ ನಾಯಕನ ಆಸ್ಥಾನಕ್ಕೆ ಹೊರಟನು. ಹೊನ್ನಾವರ, ಗೇರುಸೊಪ್ಪೆಗಳ ಮಾರ್ಗವಾಗಿ ಘಟ್ಟ ಹತ್ತಿದ ಮೇಲೆ ಒಂದು ಹಳ್ಳಿಯಲ್ಲಿ, ಸಾಮಾನು ಹೊರುವವರು ಹೊರೆಗಳನ್ನು ಅಣಿಮಾಡುತ್ತಿರುವಾಗ, ಅವನಿಗೆ ಸ್ವಲ್ಪ ಬಿಡುವು ದೊರೆಯಿತು. ಆ ಬಿಡುವಿನಲ್ಲಿ ಗುಡಿಯ ಮೊಗಸಾಲೆಯಲ್ಲಿ ಕುಳಿತನು. ಅಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನುಣುಪಾದ ಮರಳನ್ನು ಹರಡಿ, ಬೆರಳಿನಿಂದ ಅಂಕಿಗಳನ್ನು ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದರು. ನೆಲ ತುಂಬಿದಾಗ ಅಳಿಸಿ ಹೊಸ ಮರಳು ಹರಡುತ್ತಿದ್ದರು. ಗುರುಗಳು ಅಲ್ಲಿರಲಿಲ್ಲ. ‘ನೀವು ತಪ್ಪಿದರೆ ತಿದ್ದುವವರು ಯಾರು?’ ಎಂದು ಅವನು ಕೇಳಿದನು. ನಾಲ್ವರೂ ಒಂದೇ ಕಡೆಯಲ್ಲಿ ತಪ್ಪುವುದು ಸಾಧ್ಯವಿಲ್ಲ, ಒಬ್ಬನು ಮರೆತರೆ ಇನ್ನೊಬ್ಬನು ತಿದ್ದುತ್ತಾನೆ, ಅದಕ್ಕಾಗಿಯೇ ಕೂಡಿ ಕಲಿಯುತ್ತೇವೆ ಎಂದು ಹುಡುಗರು ಉತ್ತರಿಸಿದರು. ಅದು ನಿಜವೆಂದು ಅವನಿಗೂ ತೋರಿತು. ಎಲ್ಲವನ್ನೂ ಬರೆದಿಟ್ಟನು.

ಬಿ.ಎಡ್. ತರಗತಿಯಲ್ಲಿ ನಾವು ಬೋಧನಾ ವಿಧಾನಗಳ ಕುರಿತು ಎಷ್ಟೋ ಪಾಠಗಳನ್ನು ಕೇಳಿದ್ದೇವೆ. ಗುಂಪು ಕಲಿಕೆಯ ತತ್ವವನ್ನು ಆ ನಾಲ್ವರು ಹುಡುಗರು ಹೇಳಿದಷ್ಟು ಚಿಕ್ಕದಾಗಿ, ಚೊಕ್ಕವಾಗಿ ಹೇಳಿದ್ದನ್ನು ನಾನು ಬೇರೆಲ್ಲಿಯೂ ಓದಿಲ್ಲ. ನಾನೂರು ವರುಷಗಳ ಹಿಂದಿನ ಮಲೆನಾಡಿನ ಶಾಲೆಯ ಈ ಚಿತ್ರವನ್ನು ನಮಗೆ ಉಳಿಸಿಕೊಟ್ಟವನು ಅಲ್ಲಿ ನೆಲೆಸಿದವನಲ್ಲ, ಹೊರೆ ಕಟ್ಟುವವರೆಗೆ ಕಾದು ಕುಳಿತ ದಾರಿಹೋಕ. ಅದೇ ಪ್ರವಾಸಿಯು ಮುಂದೆ ಮಂಗಳೂರಿಗೆ ಇಳಿದು, ಉಳ್ಳಾಲದ ರಾಣಿ ಅಬ್ಬಕ್ಕನನ್ನು ದಾರಿಯಲ್ಲಿ ಕಂಡನು. ಆಕೆ ಬರಿಗಾಲಿನಲ್ಲಿ, ನೀರಿಗಾಗಿ ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಹೊರಟಿದ್ದಳು. ಅಲ್ಲಿಯೇ ನಿಂತು ಮಾತನಾಡಿದರು. ಇದೂ ಸ್ವಲ್ಪ ಹೊತ್ತಿನ ಭೇಟಿಯೇ. ಆದರೆ ನೀರಿನ ಚಿಂತೆಯಲ್ಲಿ ಕಾಲುನಡಿಗೆಯಲ್ಲಿ ಹೊರಟ ರಾಣಿಯನ್ನು ನಾವು ಇಂದಿಗೂ ಕಾಣಬಲ್ಲೆವು. ನಿಂತು ನೋಡುವ, ಬಾಯಿಬಿಟ್ಟು ಕೇಳುವ, ಕೇಳಿದ್ದನ್ನು ನಂಬಿಕೆಯಿಂದ ದಾಖಲಿಸುವ ಗುಣವಿದ್ದರೆ ಒಂದು ಗಳಿಗೆಯೂ ಫಲಕೊಡುತ್ತದೆ.

ಇದಕ್ಕೆ ನನಗೆ ನಮ್ಮ ಕಾಲದ ಒಂದು ಉದಾಹರಣೆಯೂ ದೊರಕಿದೆ. ಆಳಂದ ತಾಲ್ಲೂಕಿನ ನನ್ನ ಒಬ್ಬ ಹಳೆಯ ವಿದ್ಯಾರ್ಥಿ ಕೆಲವು ವರುಷ ಇಂಥ ಒಂದು ಹಡಗಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದ. ಅವನ ಹಡಗು ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದ ಡಕಾರ್ ಬಂದರಿಗೆ ಹೋಗಿತ್ತು. ಯಾತ್ರಿಕರು ಎದುರಿಗಿರುವ ಗೋರೆ ದ್ವೀಪಕ್ಕೆ ಹೊರಟರು. ಗುಲಾಮರ ವ್ಯಾಪಾರದ ಸ್ಮಾರಕವಾಗಿ ಉಳಿಸಿಕೊಂಡಿರುವ ಆ ದ್ವೀಪವನ್ನು ಯುನೆಸ್ಕೊ 1978ರಲ್ಲಿಯೇ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದೆ. 1991ರಲ್ಲಿ ನೆಲ್ಸನ್ ಮಂಡೇಲಾ ಕೂಡ ಅಲ್ಲಿಗೆ ಭೇಟಿಕೊಟ್ಟಿದ್ದರು. ಕೆಲಸಗಾರರಿಗೆ ದಡಕ್ಕಿಳಿಯಲು ದೊರಕಿದ್ದು ಮೂರೇ ಗಂಟೆ. ಈತ ಹೆಚ್ಚು ದೂರ ಹೋಗಲಿಲ್ಲ. ಮನೆಗೆ ಫೋನು ಮಾಡಿ, ಬಂದರಿನ ಹೊರಗಿನ ಬೀದಿಯಲ್ಲಿ ಒಬ್ಬ ಹೆಣ್ಣುಮಗಳು ಶೇಂಗಾ ಹುರಿಯುತ್ತಿದ್ದಲ್ಲಿ ಕುಳಿತ. ರಜೆಯಲ್ಲಿ ಊರಿಗೆ ಬಂದಾಗ ನನಗೆ ಹೇಳಿದ: ‘ಸರ್, ಆಕಿ ಶೇಂಗಾ ಉಸುಕಿನ್ಯಾಗ ಹುರಿಲತ್ತಿದ್ಳು, ಥೇಟ್ ನಮ್ಮವ್ವನಂಗ. ಆಕಿ ಭಾಷಾ ನನಗ ಬರಂಗಿಲ್ಲ, ನಂದು ಆಕಿಗಿ ಬರಂಗಿಲ್ಲ. ನಾ ಜರಡಿ ಹಿಡದು ಉಸುಕು ಸೋಸಿಕೊಟ್ಟೆ. ಆಕಿ ನಕ್ಕು ಒಂದು ಮುಷ್ಟಿ ಜಾಸ್ತಿ ಹಾಕಿದಳು.’

ಶೇಂಗಾ ಮೂಲತಃ ದಕ್ಷಿಣ ಅಮೆರಿಕದ ಬೆಳೆ. ಫ್ರೆಂಚರ ಆಳ್ವಿಕೆಯಲ್ಲಿ ಸೆನೆಗಲ್ ಶೇಂಗಾ ರಫ್ತಿನ ನಾಡಾಯಿತು. 1960ರಲ್ಲಿ ಸ್ವತಂತ್ರವಾದ ಮೇಲೂ ಅಲ್ಲಿಯ ರೈತನಿಗೆ ಅದೇ ಮುಖ್ಯ ಬೆಳೆಯಾಗಿ ಉಳಿಯಿತು. ಇದನ್ನೆಲ್ಲ ನಾನು ಅವನಿಗೆ ವಿವರಿಸಿದೆ. ಅವನು ಕೇಳಿಸಿಕೊಂಡು, ‘ಹಂಗಾದ್ರ ಅವರೂ ನಮ್ಮಂಗ ರೇಟಿನ ದಾರಿ ಕಾಯ್ತಾರ್ರಿ ಸರ್’ ಎಂದ. ಪಾಠದ ಸಾರವನ್ನು ಅವನೇ ಹೇಳಿಬಿಟ್ಟ. ತೊಗರಿಯ ನಾಡಿನವರಾದ ನಮಗೆ ಈ ಮಾತು ಹೊಸದಲ್ಲ. ಕಲಬುರಗಿಯ ತೊಗರಿಬೇಳೆಗೆ 2019ರಲ್ಲಿ ಭೌಗೋಳಿಕ ಗುರುತು ದೊರಕಿತು. ಅದಕ್ಕೆ ಮುಂಚೆ, 2016ರಲ್ಲಿ, ಬೇಳೆಕಾಳುಗಳ ಆಮದಿಗಾಗಿ ಭಾರತವು ಪೂರ್ವ ಆಫ್ರಿಕಾದ ಮೊಜಾಂಬಿಕ್ ದೇಶದೊಡನೆ ಒಪ್ಪಂದ ಮಾಡಿಕೊಂಡಿತ್ತು. ಹೊರಗಿನ ತೊಗರಿ ಬಂದು ಬೆಲೆ ಇಳಿದಾಗ ಇಲ್ಲಿಯ ರೈತನು ಆ ದೂರದ ರೈತನನ್ನು ಶಪಿಸುತ್ತಾನೆ. ಆತನೂ ಎರಡೆಕರೆಯ ಬಡವನೇ ಇರಬಹುದೆಂದು ಯೋಚಿಸುವುದಿಲ್ಲ. ಬಂದರಿನ ಬೀದಿಯಲ್ಲಿ ಮೂರು ಗಂಟೆ ಕುಳಿತ ನನ್ನ ವಿದ್ಯಾರ್ಥಿ ಯೋಚಿಸಿದ.

ಇನ್ನು ನಮ್ಮ ಊರುಗಳ ಕಡೆಗೆ ಹೊರಳೋಣ. ನಮಗೆ ಕಡಲಿಲ್ಲ, ಹಡಗಿಲ್ಲ. ಆದರೆ ಒಂದು ಹಗಲಿನ ಅತಿಥಿಗಳು ನಮಗೆ ಶತಮಾನಗಳಿಂದ ಪರಿಚಿತರು. ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರಕ್ಕೆ ಗುರುವಾರ, ಹುಣ್ಣಿಮೆ, ದತ್ತ ಜಯಂತಿಗಳಂದು ಮಹಾರಾಷ್ಟ್ರದಿಂದ ಬರುವ ಜನಸಾಗರವನ್ನು ನೋಡಿದವರು ಬಲ್ಲರು. ಸೊಲ್ಲಾಪುರ–ವಾಡಿ ಮಾರ್ಗದ ಗಾಣಗಾಪುರ ರೋಡ್ ನಿಲ್ದಾಣದಲ್ಲಿ ಇಳಿದು, ಜೀಪು ಬಸ್ಸು ಹಿಡಿದು, ಭೀಮಾ–ಅಮರ್ಜಾ ಸಂಗಮದಲ್ಲಿ ಮಿಂದು, ನಿರ್ಗುಣ ಪಾದುಕೆಗಳ ದರ್ಶನ ಪಡೆದು ಸಂಜೆಗೆ ಹಿಂದಿರುಗುವವರು ಅಸಂಖ್ಯ. ಶ್ರೀ ನೃಸಿಂಹ ಸರಸ್ವತಿಗಳು ಹದಿನೈದನೆಯ ಶತಮಾನದಲ್ಲಿ ನೆಲೆಸಿದ್ದ ಈ ಊರಿನಲ್ಲಿ ಹಿರಿಯರು ಇಂಥ ಅತಿಥಿಗೆ ಒಂದು ನಿಯಮವನ್ನು ವಿಧಿಸಿದ್ದಾರೆ. ಅದೇ ಮಧುಕರಿ. ಬಂದವನು ಎಷ್ಟೇ ಶ್ರೀಮಂತನಾಗಿರಲಿ, ಮಧ್ಯಾಹ್ನ ಜೋಳಿಗೆ ಹಿಡಿದು ಕನಿಷ್ಠ ಐದು ಮನೆಗಳಲ್ಲಿ ಭಿಕ್ಷೆ ಬೇಡಬೇಕು. ಆ ಹೊತ್ತಿಗೆ ದತ್ತನೇ ಯಾವುದಾದರೊಂದು ರೂಪದಲ್ಲಿ ಭಿಕ್ಷೆಗೆ ಬರುತ್ತಾನೆಂಬುದು ನಂಬಿಕೆ.

ನಂಬಿಕೆಯ ವಿಷಯ ಅವರವರದು. ಈ ನಿಯಮದಲ್ಲಿರುವ ಸಾಮಾಜಿಕ ವಿವೇಕ ಮಾತ್ರ ಎಲ್ಲರಿಗೂ ಸೇರಿದ್ದು. ಯಾತ್ರಿಕನು ಊರನ್ನು ನೋಡಿ ಹೋದರೆ ಸಾಲದು, ಊರಿನವರ ಬಾಗಿಲಲ್ಲಿ ಕೈಯೊಡ್ಡಿ ನಿಲ್ಲಬೇಕು. ಒಳಗಿನಿಂದ ಬಂದ ಗೃಹಿಣಿ ಜೋಳದ ರೊಟ್ಟಿಯ ತುಣುಕನ್ನೋ ಅನ್ನವನ್ನೋ ನೀಡುತ್ತ, ‘ಯಾ ಊರ್ರೀ ನಿಮ್ಮದು? ಆ ಕಡಿ ಮಳಿ ಆಗ್ಯಾದೇನ್ರಿ?’ ಎಂದು ಕೇಳಿಯೇ ಕೇಳುತ್ತಾಳೆ. ಕನ್ನಡ ಬಾರದ ಯಾತ್ರಿಕ, ಮರಾಠಿಯನ್ನು ಅಷ್ಟಿಷ್ಟು ಬಲ್ಲ ಗೃಹಿಣಿ, ನಡುವೆ ಮಳೆಯ ಮಾತು. ಅಲ್ಲಿ ಕೊಡುವವರು ಊರಿನವರು, ಪಡೆಯುವವನು ಹೊರಗಿನವನು. ಹಡಗಿನ ಪ್ರವಾಸದಲ್ಲಿ ಈ ಸಂಬಂಧ ತಲೆಕೆಳಗಾಗಿದೆ. ಅಲ್ಲಿ ಊಟ ಹಡಗಿನದು, ವಾಹನ ಗೊತ್ತುಮಾಡಿದ್ದು, ಮಾರ್ಗದರ್ಶಿ ಗೊತ್ತುಮಾಡಿದವನು. ಊರಿನ ಯಾರೊಬ್ಬರಿಂದಲೂ ಏನನ್ನೂ ಬೇಡುವ ಅಗತ್ಯ ಆ ಅತಿಥಿಗೆ ಬೀಳುವುದೇ ಇಲ್ಲ. ಬೇಡದವನಿಗೆ ಊರಿನ ಋಣವೂ ಇಲ್ಲ.

ಆದರೆ ಗಾಣಗಾಪುರದಲ್ಲಿಯೂ ಎಲ್ಲವೂ ಮೊದಲಿನಂತಿಲ್ಲ ಎಂಬುದನ್ನು ವ್ಯಥೆಯಿಂದಲೇ ಹೇಳಬೇಕಾಗಿದೆ. ಮನೆಗಳ ಬಾಗಿಲಿಗಿಂತ ಮಠದ ಸುತ್ತಲ ಬೀದಿಯಲ್ಲಿ ಯಾತ್ರಿಕರೇ ಯಾತ್ರಿಕರಿಗೆ ನೀಡಿ ಮಧುಕರಿಯನ್ನು ಮುಗಿಸುವುದು ಹೆಚ್ಚುತ್ತಿದೆ. ಮಿಂದವರು ಉಟ್ಟ ಬಟ್ಟೆಯನ್ನು ಸಂಗಮದಲ್ಲಿಯೇ ಬಿಟ್ಟುಹೋಗುತ್ತಾರೆ. ಆ ಭೀಮೆಯ ನೀರನ್ನು ಕೆಳಗಿನ ಊರುಗಳಲ್ಲಿ ಕುಡಿಯುವವರಿದ್ದಾರೆ, ಜೇವರ್ಗಿ ತಾಲ್ಲೂಕಿನ ದಡದ ಹಳ್ಳಿಗಳಿವೆ ಎಂಬ ಅರಿವು ಬಟ್ಟೆ ಬಿಟ್ಟವನಿಗೆ ಇರುವುದಿಲ್ಲ. ಐದು ಮನೆಗಳ ಮುಂದೆ ನಿಂತು ಐವರೊಡನೆ ಮಾತನಾಡಿದವನಾಗಿದ್ದರೆ ಆ ಅರಿವು ಅವನಿಗೆ ಬರುತ್ತಿತ್ತೆಂದು ನನ್ನ ದೃಢವಾದ ನಂಬಿಕೆ.

ಇದಕ್ಕಿಂತ ಹೆಚ್ಚಿನ ಅಪಾಯ ಇನ್ನೊಂದಿದೆ. ಒಂದು ಹಗಲಿನಲ್ಲಿ ಕಂಡದ್ದನ್ನೇ ಊರಿನ ಮೇಲಿನ ತೀರ್ಪನ್ನಾಗಿ ಮಾಡುವುದು. 2020ರ ಅಕ್ಟೋಬರಿನಲ್ಲಿ ಭೀಮೆ ಉಕ್ಕಿ ನಮ್ಮ ದಡದ ಹಳ್ಳಿಗಳು ಮುಳುಗಿದಾಗ ವೈಮಾನಿಕ ಸಮೀಕ್ಷೆ ನಡೆಯಿತು. ಮೇಲಿನಿಂದ ನೀರು ಕಾಣುತ್ತದೆ, ಒಲೆಯೊಳಗೆ ಹೊಕ್ಕ ಕೆಸರು ಕಾಣುವುದಿಲ್ಲ. 2022ರ ಮಹಾಶಿವರಾತ್ರಿಯಂದು ಆಳಂದದಲ್ಲಿ ಗಲಭೆಯಾದಾಗ ದೂರದೂರದ ಕ್ಯಾಮೆರಾಗಳು ಬಂದವು, ಮರುದಿನಗಳಲ್ಲಿ ಹೊರಟುಹೋದವು. ಅನೇಕರಿಗೆ ಆಳಂದವೆಂದರೆ ಇಂದಿಗೂ ಆ ಒಂದು ದಿನ. ಲಾಡ್ಲೆ ಮಶಾಯಕರ ದರ್ಗಾಕ್ಕೆ ಎಲ್ಲ ಜಾತಿ ಮತದವರೂ ನಡೆದುಕೊಳ್ಳುತ್ತ ಬಂದ ಊರು ಅದು. ಸಂತೆಯ ದಿನ ಒಬ್ಬರ ತಕ್ಕಡಿಯನ್ನು ಇನ್ನೊಬ್ಬರು ಹಿಡಿಯುವ ಊರು. ವರುಷದ ಉಳಿದ ದಿನಗಳಿಗೆ ಕ್ಯಾಮೆರಾ ಇಲ್ಲ.

‘ಹಿಂದುಳಿದ ಪ್ರದೇಶ’ ಎಂಬ ಮಾತೂ ಹೀಗೆಯೇ. ಡಾ. ಡಿ.ಎಂ. ನಂಜುಂಡಪ್ಪನವರ ಸಮಿತಿ 2002ರಲ್ಲಿ ಕೊಟ್ಟ ವರದಿಯಲ್ಲಿ 35 ಸೂಚಕಗಳನ್ನಿಟ್ಟು ಅಳೆದು, ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿತು. ನಮ್ಮ ಮೂರೂ ತಾಲ್ಲೂಕುಗಳು ಆ ಪಟ್ಟಿಯಲ್ಲಿವೆ. ಆ ಅಳತೆ ನ್ಯಾಯವಾದದ್ದು, ನಮಗೆ ಸಲ್ಲಬೇಕಾದ ಪಾಲನ್ನು ಕೊಡಿಸಲು ಮಾಡಿದ್ದು. ಅನಂತರ 371(ಜೆ) ವಿಧಿಯೂ ಬಂದಿತು. ಆದರೆ ಕಾರಿನ ಕಿಟಕಿಯಿಂದ ಧೂಳನ್ನೂ ಎಮ್ಮೆಗಳನ್ನೂ ನೋಡಿ ಹೋದವನ ಬಾಯಲ್ಲಿ ಅದೇ ಮಾತು ಮನುಷ್ಯರ ಮೇಲಿನ ಹಳಿಯುವಿಕೆಯಾಗುತ್ತದೆ. ಹದಿನೇಳನೆಯ ಶತಮಾನದಲ್ಲಿಯೇ ‘ಅಖಂಡೇಶ್ವರ’ ಅಂಕಿತದಲ್ಲಿ ವಚನ ಬರೆದ ಷಣ್ಮುಖಸ್ವಾಮಿಗಳ ಊರು ಜೇವರ್ಗಿ. ಅಲ್ಲಿ ಚಹಾಕ್ಕೆ ನಿಂತು ಹೊರಟವನಿಗೆ ಇದನ್ನು ಹೇಳಿದವರು ಯಾರು? ಅವನು ಕೇಳಲಿಲ್ಲ ನಿಜ. ನಾವೂ ಹೇಳಲಿಲ್ಲ.

ಆದ್ದರಿಂದ ಅತಿಥಿಯನ್ನಷ್ಟೇ ದೂರಿದರೆ ಸಾಲದು, ಆತಿಥೇಯನಿಗೂ ಕರ್ತವ್ಯವಿದೆ. ಹಡಗುಗಳ ಹಾವಳಿಗೆ ಬೇಸತ್ತ ಊರುಗಳು ಜಗತ್ತಿನಲ್ಲಿ ಇಲ್ಲದಿಲ್ಲ. ವೆನಿಸ್ ನಗರದ ಮುಖ್ಯ ಕಾಲುವೆಗೆ ದೊಡ್ಡ ಹಡಗುಗಳು ಬರುವುದನ್ನು ಇಟಲಿ 2021ರಲ್ಲಿ ನಿಷೇಧಿಸಿತು. ಕ್ರೊಯೇಷಿಯಾದ ದುಬ್ರೊವ್ನಿಕ್ ದಿನವೊಂದಕ್ಕೆ ಬರುವ ಹಡಗುಗಳಿಗೆ ಮಿತಿ ಹಾಕಿತು. ಮಂಗಳೂರಿಗಾಗಲಿ ಗಾಣಗಾಪುರಕ್ಕಾಗಲಿ ಬಾಗಿಲು ಮುಚ್ಚುವ ಅಗತ್ಯವಿಲ್ಲ. ಬಾಗಿಲಲ್ಲಿ ಯಾರು ನಿಂತಿರಬೇಕು ಎಂಬುದನ್ನು ಯೋಚಿಸಬೇಕು. ಹುಣ್ಣಿಮೆ, ಗುರುವಾರಗಳಂದು ನಮ್ಮ ಪ್ರೌಢಶಾಲೆ, ಕಾಲೇಜುಗಳ ಮಕ್ಕಳಲ್ಲಿ ಆಸಕ್ತರಾದವರಿಗೆ ತರಬೇತಿ ಕೊಟ್ಟು, ಗೌರವಧನ ಕೊಟ್ಟು, ಸಂಗಮದಲ್ಲಿ ಯಾತ್ರಿಕರ ಜೊತೆಗೆ ನಡೆಯಲು ಕಳುಹಿಸಬಹುದು. ಅಮರ್ಜಾ ನದಿ ಆಳಂದ ತಾಲ್ಲೂಕಿನಿಂದ ಹರಿದು ಬರುವುದನ್ನೂ ಕೊರಳ್ಳಿಯ ಅಣೆಕಟ್ಟನ್ನೂ ಈ ನೀರನ್ನು ಮುಂದೆ ಯಾರು ಕುಡಿಯುತ್ತಾರೆಂಬುದನ್ನೂ ಆ ಮಕ್ಕಳು ಕನ್ನಡ, ಮರಾಠಿಗಳೆರಡರಲ್ಲಿಯೂ ಹೇಳಬಲ್ಲರು. ಗಡಿಯ ಮಕ್ಕಳಿಗೆ ಎರಡು ಭಾಷೆ ಹುಟ್ಟಿನಿಂದ ಬಂದ ಆಸ್ತಿ. ಅದು ಉಪಯೋಗಕ್ಕೆ ಬರಲಿ.

ಮಕ್ಕಳ ಶೈಕ್ಷಣಿಕ ಪ್ರವಾಸಗಳಿಗೂ ಈ ಮಾತು ಅನ್ವಯಿಸುತ್ತದೆ. ನಾಲ್ಕು ದಿನಗಳಲ್ಲಿ ಹನ್ನೊಂದು ಸ್ಥಳ ತೋರಿಸುವ ರೂಢಿ ಹಡಗಿನ ಪ್ರವಾಸಕ್ಕಿಂತ ಭಿನ್ನವೇನಲ್ಲ. ನನ್ನ ತರಗತಿಗೆ ಒಂದು ನಿಯಮವಿತ್ತು: ಪ್ರತಿ ವಿದ್ಯಾರ್ಥಿಯು ಪ್ರತಿ ಊರಿನಲ್ಲಿ ಅಲ್ಲಿಯವರೊಬ್ಬರನ್ನು ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಬರೆದುಕೊಂಡು ಬರಬೇಕು. ಜೇವರ್ಗಿಯ ಒಬ್ಬ ಹುಡುಗಿ ವಿಜಯಪುರದ ಗೋಲಗುಮ್ಮಟದಲ್ಲಿ ಕಸ ಗುಡಿಸುವ ಅಜ್ಜಿಯನ್ನು ಕೇಳಿ ಬರೆದದ್ದು ನನಗೆ ಇನ್ನೂ ನೆನಪಿದೆ. ಜನ ಬಂದು ಕೂಗತೊಡಗಿದ ಮೇಲೆ ಪ್ರತಿಧ್ವನಿಯೆಲ್ಲ ಗದ್ದಲ, ನಸುಕಿನಲ್ಲಿ ಬಂದರೆ ಪೊರಕೆಯ ಸದ್ದು ಕೂಡ ಎದುರು ಗೋಡೆಗೆ ಹೋಗಿ ಹಿಂದಿರುಗುತ್ತದೆ ಎಂದು ಆ ಅಜ್ಜಿ ಹೇಳಿದ್ದಳು. ಯಾವ ಪಠ್ಯಪುಸ್ತಕದಲ್ಲಿಯೂ ಈ ವಾಕ್ಯವಿಲ್ಲ.

ಪ್ರವಾಸಕ್ಕೆ ಹೊರಡುವ ಕಿರಿಯರಿಗೆ, ಅವರು ಡಕಾರಿಗೆ ಹೋಗಲಿ, ಮಂಗಳೂರಿಗೆ ಹೋಗಲಿ, ಗಾಣಗಾಪುರಕ್ಕೇ ಬರಲಿ, ನನ್ನ ಸಲಹೆ ಮೂರೇ. ಆ ಊರಿನವರ ಕೈಯಿಂದ ಒಂದು ತುತ್ತು ಉಣ್ಣಿರಿ. ಆ ಊರಿನವರೊಬ್ಬರನ್ನು ಒಂದು ಪ್ರಶ್ನೆ ಕೇಳಿರಿ. ಆ ಊರು ಎಂಥದೆಂದು ಅದೇ ರಾತ್ರಿ ತೀರ್ಪು ಬರೆಯಬೇಡಿರಿ. ನಮ್ಮ ಕಡೆಯವರಿಗೂ ಒಂದು ಮಾತು: ಅಂಗಳಕ್ಕೆ ಬಂದವನು ಕೇಳದಿದ್ದರೂ ನಾವೇ ಕೇಳೋಣ, ಯಾ ಊರ್ರೀ ನಿಮ್ಮದು, ಆ ಕಡಿ ಮಳಿ ಆಗ್ಯಾದೇನ್ರಿ ಎಂದು. ಆ ಮಾತಿಗೆ ಹಗಲು ಚಿಕ್ಕದಾಯಿತೆಂದು ಯಾರೂ ದೂರಲಾರರು.